ಅಭ್ಯಾಸದ ರೋಗಿ

ತಾರೀಕು ಹದಿನೇಳು, ಮಂಗಳವಾರ
ಬಟ್ಟೆ ಒಗೆಯುವ ಅಂಗಡಿಯ ಬೆಂಚಿನ ಮೇಲಿಂದ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರಗಳು. ಭಾವನ ಕಾಲಿಗೂ ಇಲ್ಲಿಂದಲೇ ಒಂದು. "ಇಲ್ಲಿ ನಾವೆಲ್ಲ ಕ್ಷೇಮ" ಎಂದು ಬರೆಯಲು ಪೆನ್ನು ತಾನಾಗಿಯೇ ಹೊರಟಿತ್ತು, ಅರ್ಧಕ್ಕೇ ಹಿಡಿದು ನಿಲ್ಲಿಸಿದೆ. ಮೇಲೆ ಮಸಿ ಕಾಣುತ್ತಿದ್ದರೆ ಅದೇ.

ಮೂರು ವಾರದಿಂದ ನಿನ್ನ ಫೋನು ಎತ್ತಿಲ್ಲ. ಒಂದು ದಿನ ಚಾರ್ಜು ಇರಲಿಲ್ಲ ಎಂದು ಮೆಸೇಜು ಹಾಕಿದೆ, ಇನ್ನೊಂದು ದಿನ ಸ್ನಾನಕ್ಕೆ ಹೋಗಿದ್ದೆ ಎಂದೆ, ಆಮೇಲೆ ಎಲ್ಲ ದಿನವೂ ಸ್ನಾನವೇ. ಇಷ್ಟು ಸ್ನಾನ ಮಾಡಿದವನು ಇಷ್ಟು ಹೊತ್ತಿಗೆ ನಿನ್ನಷ್ಟು ಬೆಳ್ಳಗಾಗಬೇಕಿತ್ತು. ತಪ್ಪಾಯಿತು ಅಕ್ಕ. ಫೋನಿನಲ್ಲಿ ಹೇಳೋಣವೆಂದರೆ ನಮ್ಮದು ಒಂದೇ ಕೋಣೆ. ನಾನು ಕೆಮ್ಮಿದರೆ ನಿನ್ನ ಮಗಳಿಗೆ ಕೇಳುತ್ತದೆ. ಹೊರಗೆ ಬಂದು ಹೇಳೋಣವೆಂದರೆ ನಿನ್ನ "ಹಲೋ" ಕಿವಿಗೆ ಬಿದ್ದ ಕೂಡಲೇ ನನ್ನ ಬಾಯಿ ಮತ್ತೆ ಜಂಬದ ಕಡೆಗೇ ತಿರುಗುತ್ತದೆ. ಬಾಯಿಗಿಂತ ಪೆನ್ನು ನಿಧಾನ. ಅದಕ್ಕೇ ಕಾಗದ. ಇದನ್ನು ನೀನೊಬ್ಬಳೇ ಓದು, ಭಾವನ ಕೈಗೂ ಕೊಡಬೇಡ.

ಚೂಟಿ ಪಾಸಾಗಿಲ್ಲ.

ಪರೀಕ್ಷೆ ಮುಗಿದ ಸಂಜೆ ನಾನು ಫೋನು ಮಾಡಿ "ನಿನ್ನ ಮಗಳು ಪಾಸು, ಬರೆದಿಟ್ಕೋ" ಎಂದು ಕೂಗಿದೆನಲ್ಲ, ಆಗ ಫಲಿತಾಂಶ ಬಂದೇ ಇರಲಿಲ್ಲ. ಅದು ಬಂದದ್ದು ಆರು ದಿನದ ಮೇಲೆ. ನನ್ನ ಕೂಗು ಕೇಳಿ ನೀನು ಫೋನನ್ನು ಮರಿಯ ಕೈಗೆ ಕೊಟ್ಟೆ. ಆ ಮಗು "ಮಾವಜ್ಜ, ಹಾಗಾದ್ರೆ ನಾನು ಅಮ್ಮನ ಹತ್ರ ಬರಬಹುದಾ?" ಎಂದಿತು. ನಾನು ಏನೆಂದೆ ನಿನಗೆ ನೆನಪಿದೆ. "ಬ್ಯಾಗ್ ತುಂಬಿಸ್ಕೋ ಮರಿ, ಬಟ್ಟೆ ಕೆಳಗೆ, ಗೊಂಬೆ ಮೇಲೆ" ಎಂದೆ. ಅವಳು ತುಂಬಿಸಿಟ್ಟಿದ್ದಾಳೆ, ದಿನಾ ಒಂದು ಸಲ ಜಿಪ್ ತೆಗೆದು ನೋಡುತ್ತಾಳೆ ಎಂದು ನೀನು ಕಳಿಸಿದ ಮೆಸೇಜನ್ನೂ ಓದಿದೆ. ಉತ್ತರ ಹಾಕಲಿಲ್ಲ.

ಕೇಳಿದವರಿಗೆ ಹೇಳಲಾದರೂ ವಿಷಯ ನಿನಗೆ ಸರಿಯಾಗಿ ಗೊತ್ತಿರಲಿ. ನಮ್ಮಲ್ಲಿ ಹನ್ನೊಂದು ವರ್ಷ ವಾರ್ಡು ನಡೆಸಿದ ನರ್ಸಾದರೂ ಈ ದೇಶಕ್ಕೆ ಬಂದರೆ ಇಲ್ಲಿಯವರ ಎದುರು ಮತ್ತೆ ಕೈಕೆಲಸ ಮಾಡಿ ತೋರಿಸಬೇಕು. ಹತ್ತು ಕೋಣೆ. ಒಂದೊಂದರಲ್ಲೂ ಒಂದೊಂದು ಕೆಲಸ, ಹದಿನೈದು ನಿಮಿಷ, ಮೂಲೆಯಲ್ಲಿ ಹಲಗೆ ಹಿಡಿದು ಗುರುತು ಹಾಕುವ ಒಬ್ಬ ಪರೀಕ್ಷಕಿ. ಮೊದಲ ಸಲ ಚೂಟಿಗೆ ಟೈಮು ಸಾಲಲಿಲ್ಲ. ಎರಡನೆಯ ಸಲ ರೋಗಿಯನ್ನು ಮುಟ್ಟುವ ಮುಂಚೆ "ಮುಟ್ಟಬಹುದಾ" ಎಂದು ಕೇಳಲಿಲ್ಲವಂತೆ. ಮೂರು ಸಲಕ್ಕಿಂತ ಹೆಚ್ಚು ಕೂರಿಸುವುದಿಲ್ಲ. ಇದು ಮೂರನೆಯದಾಗಿತ್ತು. ಇನ್ನು ಎರಡು ವರ್ಷ ಬಿಟ್ಟು ಅರ್ಜಿಯಿಂದ ಶುರು ಮಾಡಬೇಕು. ಅಲ್ಲಿಯವರೆಗೆ ಅವಳು ನರ್ಸಲ್ಲ, ವೃದ್ಧಾಶ್ರಮದ ಆಯಾ. ಆಯಾ ಕೆಲಸದವರು ಮಕ್ಕಳನ್ನು ಕರೆಸಿಕೊಳ್ಳುವಂತಿಲ್ಲ.

ಇಷ್ಟು ಬರೆದು ಎದ್ದು ಹೋಗಿ ಯಂತ್ರದ ಬಾಗಿಲಲ್ಲಿ ಬಗ್ಗಿ ನೋಡಿ ಬಂದೆ. ಅವಳ ಮೂರು ಸಮವಸ್ತ್ರ ಒಳಗೆ ಸುತ್ತುತ್ತಿವೆ. ಆಯಾಗಳದ್ದು ಬೂದಿ ಬಣ್ಣ, ನರ್ಸುಗಳದ್ದು ನೀಲಿ. ನಾನು ನಲವತ್ತು ವರ್ಷ ಕತ್ತರಿ ಹಿಡಿದವನು, ಹೇಳುತ್ತೇನೆ ಕೇಳು, ಹೊಲಿಗೆ ಎರಡಕ್ಕೂ ಒಂದೇ. ಕೊರಳು, ಜೇಬು, ತೋಳಿನ ಅಳತೆ, ಎಲ್ಲ ಒಂದೇ. ಬಣ್ಣ ಮಾತ್ರ ಬೇರೆ.

ನಾನು ಇಲ್ಲಿಗೆ ಹೊರಟ ದಿನ ನೀನು "ಅಲ್ಲಿ ಹೋಗಿ ನೀನೇನೋ ಮಾಡ್ತೀಯ, ಏಳನೇ ಕ್ಲಾಸು" ಎಂದು ನಕ್ಕೆ. "ನಾನು ಪಾಸ್ ಮಾಡಿಸ್ಕೊಂಡೇ ಬರ್ತೀನಿ, ಮೇಷ್ಟ್ರನ್ನೇ ಪಾಸ್ ಮಾಡಿಸಿದವನು ನಾನು" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿ ಹೊರಟೆ. ಬಂದ ಮೊದಲ ವಾರ ಸುಮ್ಮನೆ ಕುಳಿತಿದ್ದೆ. ಅವಳು ಕೆಲಸದಿಂದ ಬಂದು ದಿಂಬನ್ನು ಮಲಗಿಸಿ, ದಿಂಬಿಗೆ "ನಮಸ್ಕಾರ, ನಾನು ನಿಮ್ಮ ನರ್ಸು" ಎನ್ನುವುದನ್ನು ನೋಡಿದೆ. ದಿಂಬು ಏನು ಮಾತಾಡುತ್ತದೆ ಪಾಪ. ದಿಂಬನ್ನು ತೆಗೆದು ನಾನೇ ಮಲಗಿದೆ.

ಅಲ್ಲಿಂದ ಹತ್ತು ವಾರ ನಾನು ರೋಗಿ. ಒಂದು ದಿನ ಹೃದಯ, ಒಂದು ದಿನ ಸಕ್ಕರೆ, ಒಂದು ದಿನ ಮುರಿದ ಸೊಂಟ. ಇಲ್ಲಿ ಪರೀಕ್ಷೆಯಲ್ಲಿ ರೋಗಿಯ ಪಾತ್ರಕ್ಕೆ ನಟರನ್ನು ಕರೆಸುತ್ತಾರಂತೆ. ಅವರ ನಟನೆ ನನ್ನ ಕಾಲಿನ ಹೆಬ್ಬೆರಳಿಗೆ ಸಮವಲ್ಲ ಎಂದು ನಾನು ನೋಡದೆಯೇ ಹೇಳಬಲ್ಲೆ. ನನ್ನ ನರಳಾಟ ಕೇಳಿ ಕೆಳಗಿನ ಮನೆಯವನು ಎರಡು ಸಲ ಬಂದು ಬಾಗಿಲು ತಟ್ಟಿದ್ದ. ಚೂಟಿ "ನೋವು ಹತ್ತಕ್ಕೆ ಎಷ್ಟು?" ಎಂದರೆ ನಾನು "ಹನ್ನೊಂದು" ಎನ್ನುತ್ತಿದ್ದೆ.

"ಮಾವ, ಹತ್ತರೊಳಗೆ ಹೇಳಿ."

"ಪಾಸಿಗೆ ಎಷ್ಟು ಬೇಕು ಹೇಳು, ಅಷ್ಟು ಹಾಕು."

"ಮಾವ, ದಯವಿಟ್ಟು ಸಾಯೋಕೆ ಬಿದ್ದಿರೋರ ಥರ ಇರಿ."

"ಸಾಯೋರೇ ಹೆಚ್ಚು ಮಾತಾಡೋದು ಕಣೇ. ಅವರಿಗೆ ಟೈಮ್ ಕಮ್ಮಿ."

ಅವಳು ನಗುತ್ತಿದ್ದಳು. ಎರಡು ಸಲ ಫೇಲಾದ ಮೇಲೆ ಈ ಮನೆಯಲ್ಲಿ ಅವಳು ನಕ್ಕಿದ್ದೇ ಇಲ್ಲವಂತೆ. ಪಕ್ಕದ ಕೋಣೆಯ ಉದ್ದ ಜಡೆಯ ನರ್ಸು ಕೈಸನ್ನೆ ಬೆರೆಸಿ ಹಾಗೆಂದು ನನಗೆ ಹೇಳಿದಳು. ಅವಳು ಬೇರೆ ಯಾವುದೋ ದೇಶದವಳು, ಕಳೆದ ವರ್ಷ ಇದೇ ಪರೀಕ್ಷೆ ಪಾಸಾಗಿ ಈಗ ನೀಲಿ ಬಟ್ಟೆ ಹಾಕುತ್ತಾಳೆ. ಅಡಿಗೆಮನೆ ಆರು ಕೋಣೆಗೂ ಒಂದೇ, ಹಾಗಾಗಿ ಅವಳೂ ಚೂಟಿಯೂ ಅಕ್ಕತಂಗಿಯರ ಹಾಗಿದ್ದರು. ನಮ್ಮ ಬಾಗಿಲು ತೆರೆದಿದ್ದರೆ ನಿಂತು ನಮ್ಮ ಆಟ ನೋಡಿಕೊಂಡು ಹೋಗುತ್ತಿದ್ದಳು.

ಔಷಧಿಯ ಕೋಣೆ ಎಂದು ಒಂದಿದೆ. ಮಾತ್ರೆ ಕೊಡುವ ಮುಂಚೆ ರೋಗಿಯನ್ನು ಕೇಳಬೇಕು: ನಿಮ್ಮ ಪೂರ್ತಿ ಹೆಸರು ಹೇಳಿ, ಹುಟ್ಟಿದ ತಾರೀಕು ಹೇಳಿ, ಯಾವ ಔಷಧಿಯಾದರೂ ಮೈಗೆ ಆಗುವುದಿಲ್ಲವಾ. ರೋಗಿ ಬಾಯಿಬಿಟ್ಟು ಹೇಳಿದ್ದನ್ನು ಅವನ ಹೆಸರು ಬರೆದು ಕೈಗೆ ಕಟ್ಟಿದ ಕೈಪಟ್ಟಿಯ ಜೊತೆ, ಔಷಧಿ ಚೀಟಿಯ ಜೊತೆ ಹೋಲಿಸಿ ನೋಡಬೇಕು. ಮೂರೂ ಒಂದೇ ಇದ್ದರೆ ಮಾತ್ರೆ. ದಿನಕ್ಕೆ ಇಪ್ಪತ್ತು ಸಲ ನನಗೆ ಇದೇ ಪ್ರಶ್ನೆ. ನನಗೆ ಹುಟ್ಟಿದ ತಾರೀಕು ಎಲ್ಲಿಂದ ಬರಬೇಕು ಅಕ್ಕ, ನಿನಗೂ ನನಗೂ ಹೆಡ್ ಮೇಷ್ಟ್ರು ಜೂನ್ ಒಂದು ಎಂದು ಬರೆದುಕೊಟ್ಟದ್ದಲ್ಲವೇ. ಒಂದು ಸಲ "ಮಳೆಗಾಲ" ಎಂದೆ. ಒಂದು ಸಲ "ನಮ್ಮಕ್ಕನ ಮುಂದಿನ ಹಲ್ಲು ಬಿದ್ದ ವರ್ಷ" ಎಂದೆ. ಅವಳು ನಗುತ್ತಾ ನಗುತ್ತಾ ಹೊತ್ತು ಹೋಗುತ್ತಿತ್ತು, ಮಾತ್ರೆ ಎಣಿಸುವಷ್ಟರಲ್ಲಿ ಹದಿನೈದು ನಿಮಿಷ ಮುಗಿಯುತ್ತಿತ್ತು. ಮೊದಲ ಸಲ ಟೈಮು ಸಾಲದೆ ಫೇಲಾದವಳು, ಅವಳಿಗೆ ಗಡಿಯಾರ ಕಂಡರೆ ಭಯ.

ಅಲ್ಲಿ ನನ್ನ ಬುದ್ಧಿವಂತಿಕೆ ಓಡಿತು. ಕಾಗದದ ಕೈಪಟ್ಟಿ ದಿನಕ್ಕೊಂದು ಹರಿಯುತ್ತಿತ್ತು. ಹಳೆಯ ದಿಂಬಿನ ಚೀಲ ಕತ್ತರಿಸಿ, ಎರಡು ಪದರ ಹಾಕಿ, ಗುಂಡಿ ಇಟ್ಟು ಬಟ್ಟೆಯ ಪಟ್ಟಿ ಹೊಲಿದೆ. ಹೆಸರು, ತಾರೀಕು ಎರಡನ್ನೂ ಕೆಂಪು ದಾರದಲ್ಲಿ ಕಸೂತಿ ಹಾಕಿದೆ. ನೋಡಿದರೆ ಕಣ್ಣಿಗೆ ಹಬ್ಬ. ಚೂಟಿ ಟ್ರೇ ಹಿಡಿದು ಹತ್ತಿರ ಬಂದ ಕೂಡಲೇ, ಅವಳು ಬಾಯಿ ತೆರೆಯುವ ಮೊದಲೇ, ನಾನು ಕೈ ಎತ್ತಿ ಪಟ್ಟಿ ತೋರಿಸುವುದು. ಅವಳು ಓದಿ "ಆಯ್ತು ಮಾವ" ಎನ್ನುವುದು, ಮಾತ್ರೆಗೆ ಕೈ ಹಾಕುವುದು. ಕೇಳುವ ಮಾತು ಕೇಳಿದ ಹಾಗೆ ಲೆಕ್ಕ. ಎರಡು ನಿಮಿಷ ಉಳಿಯಿತು. ಚೂಟಿಯೂ ಒಪ್ಪಿದಳು. "ಪ್ರಶ್ನೆಗಳು ನಂಗೆ ಬಾಯಿಪಾಠ ಮಾವ, ಅಲ್ಲಿ ಕೇಳ್ತೀನಿ, ಇಲ್ಲಿ ಟೈಮ್ ಉಳಿಸೋಣ" ಎಂದಳು. ಏಳು ವಾರ, ದಿನಕ್ಕೆ ಇಪ್ಪತ್ತು ಸಲ, ನಾನು ಕೈ ಎತ್ತಿದೆ, ಅವಳು "ಆಯ್ತು ಮಾವ" ಎಂದಳು.

ಪರೀಕ್ಷೆಯ ದಿನ ನಾನೂ ಹೋಗಿದ್ದೆ. ಉದ್ದನೆಯ ಪಡಸಾಲೆ, ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿಗಳು. ನನ್ನಂಥವರು ಎಂಟು ಹತ್ತು ಜನ, ಗಂಡಂದಿರು, ತಾಯಂದಿರು. ಯಾರ ಭಾಷೆ ಯಾರಿಗೂ ಬಾರದು. ಒಳಗೆ ಗಂಟೆ ಹೊಡೆದಾಗಲೆಲ್ಲ ಎಲ್ಲರೂ ಒಟ್ಟಿಗೆ ತಲೆ ಎತ್ತುತ್ತಿದ್ದೆವು. ಅವಳು ಹೊರಗೆ ಬಂದಾಗ ಮುಖ ಬೆಳಗಿತ್ತು ಅಕ್ಕ, ಅದನ್ನು ಸುಳ್ಳು ಹೇಳುತ್ತಿಲ್ಲ. ಬಸ್ಸಿನಲ್ಲಿ ಕುಳಿತು ಶೂ ಬಿಚ್ಚಿ ಕಾಲು ಚಾಚಿದಳು.

"ಎಲ್ಲಾ ಚೆನ್ನಾಗೇ ಆಯ್ತು ಮಾವ. ಟೈಮ್ ಎಲ್ಲಾ ಕಡೆ ಉಳೀತು. ಒಂದು ಕೋಣೇಲಿ ಮಾತ್ರ ನಂಗೇ ನಗು ಬಂದ್ಬಿಡ್ತು. ಆ ರೋಗಿ ನಿಮ್ಮ ಹಾಗೇ ಕೂತಿದ್ದ, ನಿಮ್ಮದೇ ಹೊಟ್ಟೆ. ನಾನು ಹತ್ರ ಹೋದೆ, ಅವನು ಪಟ್ಟಿ ಇದ್ದ ಕೈನ ಹೊದಿಕೆ ಮೇಲೆ ಇಟ್ಟ. ನಾನು ನೋಡಿ 'ಆಯ್ತು ಮಾವ' ಅಂದ್ಬಿಟ್ಟೆ. ಕನ್ನಡದಲ್ಲಿ. ಆ ಪರೀಕ್ಷಕಿ ತಲೆ ಎತ್ತಿ ನೋಡಿದ್ಲು, ಏನಂದ್ಲಪ್ಪ ಇವಳು ಅಂತ."

ನಾವು ಇಬ್ಬರೂ ನಕ್ಕೆವು. ನಾನು ನಕ್ಕ ರಭಸಕ್ಕೆ ಮುಂದಿನ ಸೀಟಿನ ಮುದುಕಿ ತಿರುಗಿ ನೋಡಿದಳು. ಚೂಟಿ ನನ್ನ ತೋಳಿಗೆ ತಲೆ ಒರಗಿಸಿ ಇಳಿಯುವ ತನಕ ನಿದ್ದೆ ಮಾಡಿದಳು. ಅವಳನ್ನು ಕೋಣೆಗೆ ಬಿಟ್ಟು ಕೆಳಗೆ ಬಂದು ನಿನಗೆ ಫೋನು ಮಾಡಿದೆ.

ಆರು ದಿನದ ಮೇಲೆ ಮೇಲ್ ಬಂತು. ಅವಳು ಮಂಚದ ಮೇಲೆ ಕುಳಿತು ಓದಿದಳು. ಒಂಬತ್ತು ಕೋಣೆಗೆ ಸರಿ ಗುರುತು. ಔಷಧಿಯ ಕೋಣೆಯ ಎದುರು ಒಂದು ಸಾಲು. ರೋಗಿಯ ಗುರುತನ್ನು ಅವರ ಬಾಯಿಂದಲೇ ಕೇಳಿ ಖಚಿತ ಮಾಡಿಕೊಳ್ಳದೆ ಔಷಧಿ ಕೊಟ್ಟಿದ್ದಾರೆ. ಇಲ್ಲಿ ಸಣ್ಣಪುಟ್ಟ ತಪ್ಪಿಗೆ ಅರ್ಧ ಅಂಕ ಕಳೆಯುತ್ತಾರೆ, ಇಂಥ ತಪ್ಪಿಗೆ ಇಡೀ ಪರೀಕ್ಷೆಯೇ ಹೋಗುತ್ತದೆ. ತಪ್ಪು ಬಾಯಿಗೆ ಮಾತ್ರೆ ಹೋದರೆ ಜೀವ ಹೋಗುತ್ತದೆ, ಅದಕ್ಕೆ ಹಾಗೆ. ನ್ಯಾಯವೇ. ನನಗೂ ಬೈಯಲು ಯಾರೂ ಸಿಗಲಿಲ್ಲ.

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಏನಾದರೂ ಮಾಡಲು ಬರುತ್ತಿತ್ತು. ಆ ಸಾಲನ್ನು ಮೂರು ಸಲ ಓದಿದಳು. ಆಮೇಲೆ, "ಹನ್ನೊಂದು ವರ್ಷದಲ್ಲಿ ನನ್ನ ಕೈಯಿಂದ ಒಂದು ಮಾತ್ರೆ ತಪ್ಪಿಲ್ಲ ಮಾವ" ಎಂದಳು.

"ನಂದೇ ತಪ್ಪು ಕಣೇ. ಆ ಹಾಳು ಪಟ್ಟಿ" ಎಂದೆ.

"ನಾನೇ ಒಪ್ಪಿದ್ದಲ್ವಾ. ನಿಮಗೇನು ಗೊತ್ತಾಗುತ್ತೆ, ನೀವು ಟೈಲರು. ನಾನು ನರ್ಸು."

ಅವಳು ಸಮಾಧಾನಕ್ಕೆಂದು ಹೇಳಿದ ಮಾತು ಅದು. ನನ್ನನ್ನು ಯಾರಾದರೂ "ನಿನಗೇನು ಗೊತ್ತು" ಎಂದರೆ ನಾನು ಬಿಡುವವನಲ್ಲ, ನಿನಗೆ ಗೊತ್ತು. ಆ ದಿನ ತಲೆ ಆಡಿಸಿದೆ.

ಹೋದ ಗುರುವಾರ ಅವಳನ್ನು ಕರೆದುಕೊಂಡು ಬರಲು ವೃದ್ಧಾಶ್ರಮಕ್ಕೆ ಹೋಗಿದ್ದೆ. ಬಾಗಿಲ ಹತ್ತಿರ ಕಾಯಲು ಹೇಳಿದರು. ಒಳಗೆ ಕಾಣುತ್ತಿತ್ತು. ಒಬ್ಬ ಮುದುಕಮ್ಮನನ್ನು ಚೂಟಿ ಪಕ್ಕಕ್ಕೆ ಹೊರಳಿಸಿ ಬೆನ್ನು ಒರೆಸುತ್ತಿದ್ದಳು. ಇಪ್ಪತ್ತೆರಡು ಇಪ್ಪತ್ಮೂರರ ಒಬ್ಬ ಹುಡುಗಿ, ನೀಲಿ ಬಟ್ಟೆ, ಮಾತ್ರೆಯ ಗಾಡಿ ತಳ್ಳಿಕೊಂಡು ಬಂದು ಮುದುಕಮ್ಮನ ಕೈ ಹಿಡಿದು ನಾಡಿ ಎಣಿಸಿದಳು. ಅನುಮಾನ ಬಂತೋ ಏನೋ, ಚೂಟಿಯ ಕಡೆ ನೋಡಿದಳು. ಚೂಟಿ ಒದ್ದೆ ಕೈ ಒರೆಸಿಕೊಂಡು ಎರಡು ಬೆರಳು ಇಟ್ಟು ನೋಡಿ ಏನೋ ಹೇಳಿದಳು. ಹುಡುಗಿ ಅದನ್ನೇ ಬರೆದುಕೊಂಡು ಸಹಿ ಹಾಕಿದಳು. ಮುದುಕಮ್ಮ ಚೂಟಿಯ ತೋಳು ಹಿಡಿದು "ಸಿಸ್ಟರ್, ಸಿಸ್ಟರ್" ಎಂದಳು. ಅಷ್ಟು ನನಗೂ ಅರ್ಥವಾಗುತ್ತದೆ. ಚೂಟಿ ನಕ್ಕು, ಆ ಹುಡುಗಿಯ ಕಡೆ ಬೆರಳು ತೋರಿಸಿ, ಬಕೆಟ್ಟು ಎತ್ತಿಕೊಂಡು ಹೊರಟಳು.

ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ಮೂರು ತಿಂಗಳಿಂದ ಚೂಟಿಗಾಗಿ ನರ್ಸಿನ ಒಂದು ನೀಲಿ ಜಾಗ ಖಾಲಿ ಇಟ್ಟಿದ್ದಳು, ಈಗ ಅದು ಬೇರೆಯವರಿಗೆ ಹೋಯಿತು. "ನಿನ್ನ ಕೆಲಸ ನನಗೆ ಬೇಕು, ಎರಡು ವರ್ಷಕ್ಕೆ ಆಯಾ ಎಂದು ಬರೆದುಕೊಡುತ್ತೇನೆ, ಆದರೆ ಔಷಧಿಯ ಗಾಡಿ ಮುಟ್ಟುವ ಹಾಗಿಲ್ಲ" ಎಂದಳಂತೆ. ನಾನು ಚೂಟಿಗೆ ಹೇಳಿದೆ: "ಬಿಟ್ಟು ಹಾಕು, ನಡಿ ಮನೆಗೆ. ಮರಿ ಇದ್ದಾಳೆ. ನಿನ್ನ ಹಳೇ ಆಸ್ಪತ್ರೆ ಇದೆ."

"ಹಳೇ ಆಸ್ಪತ್ರೇಲಿ ನನ್ನ ಜಾಗಕ್ಕೆ ಬೇರೆಯವರು ಬಂದು ವರ್ಷ ಆಯ್ತು ಮಾವ. ಹೋದ್ರೆ ಕೆಳಗಿಂದ ಶುರು. ಇಲ್ಲೂ ಕೆಳಗಿಂದಾನೇ."

"ಮರಿ?"

"ಅಪ್ಪ ಇಲ್ಲದ ಮಗು. ಅಮ್ಮ ದೂರ ಹೋಗಿ ಏನೋ ಮಾಡ್ತಿದ್ದಾಳೆ ಅನ್ನೋದಾದ್ರೂ ಇತ್ತು. ಈಗ ಸೋತು ವಾಪಸ್ ಬಂದ್ಲು ಅಂತ ಅವಳ ಎದುರು ನಿಲ್ಲಲಾ? ಅವಳಿಗೆ ಪಾಸಾಯ್ತು ಅಂತ ಹೇಳಿದ್ದೀರಂತೆ ನೀವು."

ಅದು ಅವಳಿಗೆ ಹೇಗೆ ಗೊತ್ತಾಯಿತೆಂದು ಕೇಳಲಿಲ್ಲ. ಭಾನುವಾರ ಮರಿಯೇ ಹೇಳಿರಬೇಕು. ನೀನು ಪಕ್ಕದಲ್ಲೇ ಇದ್ದೆ, ನಿನಗೇ ಗೊತ್ತು. "ಇನ್ನೂ ಒಂದು ಕಾಗದ ಬರಬೇಕು ಚಿನ್ನ" ಎಂದು ಇವಳು ಹೇಳಿದ್ದು ನನಗೆ ಕೇಳಿಸಿತು. ಆ ಕಡೆಯಿಂದ ಏನು ಕೇಳಿತೋ, ಇವಳು ಫೋನನ್ನು ಎದೆಗೆ ಒತ್ತಿಕೊಂಡು ಗೋಡೆ ನೋಡುತ್ತಾ ಕುಳಿತಳು, ಆಮೇಲೆ ಮತ್ತೆ ಕಿವಿಗೆ ಇಟ್ಟು ನಗುವ ದನಿಯಲ್ಲಿ ಮಾತಾಡಿದಳು. ನಿನ್ನೆ ಎರಡು ವರ್ಷಕ್ಕೆ ಸಹಿ ಹಾಕಿ ಬಂದಳು.

ಏಳು ವರ್ಷದ ಮಗು ಒಂಬತ್ತಾಗುತ್ತದೆ. ಬರೆಯಲು ಸುಲಭ, ಎರಡು ಅಂಕಿ ಅಷ್ಟೆ. ನನಗೆ ಆ ಅಳತೆ ಬೇರೆ ಥರ ಗೊತ್ತು. ಆ ವಯಸ್ಸಿಗೆ ಎರಡು ವರ್ಷವೆಂದರೆ ಲಂಗದ ಅಂಚು ಎರಡು ಸಲ ಬಿಚ್ಚಬೇಕು, ಮೂರನೆಯ ಸಲ ಬಟ್ಟೆಯೇ ಉಳಿದಿರುವುದಿಲ್ಲ, ಹೊಸದೇ ಹೊಲಿಯಬೇಕು. ಅಷ್ಟೂ ಹೊಲಿಗೆ ಅವಳಮ್ಮ ಕಾಣುವುದಿಲ್ಲ.

ಅಕ್ಕ, ಒಂದು ಕೇಳಿಕೊಳ್ಳುತ್ತೇನೆ. ಮರಿ ತುಂಬಿಸಿಟ್ಟ ಬ್ಯಾಗನ್ನು ಅವಳು ಶಾಲೆಗೆ ಹೋದಾಗ ಕದ್ದು ಬಿಚ್ಚಬೇಡ. ಎದುರಿಗೆ ಕೂರಿಸಿಕೊಂಡು, ಮಾವಜ್ಜ ಸುಳ್ಳು ಹೇಳಿದ ಎಂದು ಹೇಳಿ, ಅವಳ ಕೈಯಲ್ಲೇ ಬಿಚ್ಚಿಸು. ಬೈಯುವುದನ್ನು ನನಗೇ ಬೈಯಲಿ. ಅಮ್ಮನಿಗೆ ಅಲ್ಲ.

ನನಗೆ ಇಲ್ಲಿ ಇರಲು ಇನ್ನು ಇಪ್ಪತ್ತೆರಡು ದಿನ ಇದೆ. ಆಮೇಲೆ ನಾನು ಊರಿಗೆ, ಇವಳು ಒಬ್ಬಳೇ. ಬೀದಿಯಲ್ಲಿ ಯಾರಾದರೂ "ಏನಪ್ಪ, ಪಾಸು ಮಾಡಿಸಿದೆಯಾ" ಎಂದರೆ ಏನು ಹೇಳಬೇಕೆಂದು ಈಗಲೇ ಯೋಚಿಸುತ್ತಿದ್ದೇನೆ. ಏನೂ ಹೊಳೆದಿಲ್ಲ. ನನ್ನಂಥವನಿಗೆ ಮಾತು ಹೊಳೆದಿಲ್ಲವೆಂದರೆ ನೀನೇ ಅರ್ಥ ಮಾಡಿಕೋ.

ಭಾವ ಬಿ.ಪಿ. ಮಾತ್ರೆ ಮರೆಯದಿರಲಿ. ನಿನ್ನ ಮಂಡಿಗೆ ಎಣ್ಣೆ ಹಚ್ಚುತ್ತಿರು. ಮರಿಗೆ ನನ್ನ ಆಶೀರ್ವಾದ. ಅವಳಿಗೆ ಒಳ್ಳೆಯದಾಗಲಿ, ನನ್ನ ಬಾಯಿ ಮುಟ್ಟದ ಒಳ್ಳೆಯದಾಗಲಿ. ಚಿಕ್ಕವನು ದೊಡ್ಡವಳಿಗೆ ಆಶೀರ್ವಾದ ಮಾಡುವಂತಿಲ್ಲ, ನೀನೇ ನನಗೆ ಒಂದು ಮಾಡು, ಬೈದಾದ ಮೇಲೆ.

ನಿನ್ನ ತಮ್ಮ

ತಾಜಾ ಕಲಂ:

ಮೇಲಿನ ಸಹಿ ಹಾಕಿ ಲಕೋಟೆಗೆ ಹಾಕಿದ್ದೆ. ಬಟ್ಟೆ ಒಣಗಲು ಇನ್ನೂ ಅರ್ಧ ಗಂಟೆ ಎಂದು ಯಂತ್ರ ತೋರಿಸುತ್ತಿದೆ. ಲಕೋಟೆ ಮತ್ತೆ ಬಿಚ್ಚಿದೆ.

ಪರೀಕ್ಷೆಗೆ ಒಂಬತ್ತು ದಿನ ಇತ್ತು. ಚೂಟಿ ಕೆಲಸಕ್ಕೆ ಹೋಗಿದ್ದಳು. ಉದ್ದ ಜಡೆಯ ನರ್ಸು ಬಾಗಿಲು ತಟ್ಟಿ ಒಳಗೆ ಬಂದಳು. ಅವಳು ಮಾರನೆಯ ದಿನದಿಂದ ಬೇರೆ ಪಾಳಿಗೆ ಹೋಗುವವಳಿದ್ದಳು, ಚೂಟಿ ಸಿಗುವುದಿಲ್ಲ, ಅದಕ್ಕೆ ನನ್ನ ಹತ್ತಿರ ಬಂದದ್ದು. ಮೊಳೆಗೆ ನೇತು ಹಾಕಿದ್ದ ನನ್ನ ಪಟ್ಟಿ ತೆಗೆದಳು. ನನ್ನ ಕೈಗೆ ಕಟ್ಟಿದಳು. ಅದರ ಮೇಲೆ ತನ್ನ ಅಂಗೈ ಮುಚ್ಚಿದಳು. ಇನ್ನೊಂದು ಕೈಯಿಂದ ನನ್ನ ಬಾಯಿ ತೋರಿಸಿದಳು. ಇಲ್ಲಿಯವರ ಭಾಷೆಯಲ್ಲಿ ನಿಧಾನವಾಗಿ, ಒಂದೊಂದೇ ಮಾತು: ಪಟ್ಟಿ ತಪ್ಪು ಕೈಯಲ್ಲಿ ಇರಬಹುದು. ಬಾಯಿಂದ ಕೇಳಬೇಕು. ಪ್ರತಿ ಸಲ. ನೀವು ಹೀಗೆ ಮಾಡಿಸಿದರೆ ಅವಳಿಗೆ ಇದೇ ರೂಢಿಯಾಗಿಬಿಡುತ್ತದೆ, ಅಲ್ಲಿ ಹೋಗಿ ಹೀಗೇ ಮಾಡುತ್ತಾಳೆ. ಅವಳಿಗೆ ಹೇಳಿ. ಇವತ್ತೇ ಹೇಳಿ.

ನನಗೆ ಭಾಷೆ ಬಾರದು, ಅರ್ಥವಾಗಲಿಲ್ಲ ಎಂದು ಬರೆದುಬಿಡಬಹುದು, ನೀನೂ ನಂಬುತ್ತೀಯ. ಅರ್ಥವಾಗಿತ್ತು ಅಕ್ಕ.

ನನಗೆ ಸಿಟ್ಟು ಬಂತು. ನನ್ನ ಅರ್ಧ ವಯಸ್ಸಿನವಳು, ನಾನು ಕೂತು ಹೊಲಿದ ಪಟ್ಟಿಯನ್ನು ಹಿಡಿದು ನನಗೇ ಪಾಠ ಹೇಳುತ್ತಾಳಲ್ಲ ಎಂದು. ಸಂಜೆ ಚೂಟಿ ಬಂದು ಕೇಳಿದಳು, "ಅವಳು ಬಂದಿದ್ಲಂತೆ, ಏನಂದ್ಲು ಮಾವ?" ನಾನು ಹೇಳಿದೆ, "ನಮ್ಮ ಅಭ್ಯಾಸ ನೋಡಿ ಬೆರಗಾಗಿದ್ದಾಳೆ. ಈ ಸಲ ನೀನು ಪಾಸಾಗೋದು ಖಂಡಿತ ಅಂದ್ಲು." ಚೂಟಿಯ ಮುಖ ಅರಳಿತು. "ಅವಳು ಸುಮ್ಮಸುಮ್ಮನೆ ಯಾರನ್ನೂ ಹೊಗಳಲ್ಲ ಮಾವ" ಎಂದಳು.

ಬಸ್ಸಿನಲ್ಲಿ ನಾನು ಅಷ್ಟು ಜೋರಾಗಿ ನಕ್ಕದ್ದು ಯಾಕೆ, ಅವಳನ್ನು ಕೋಣೆಗೆ ಬಿಟ್ಟ ಕೂಡಲೇ ನಿನಗೆ ಫೋನು ಮಾಡಿ ಕೂಗಿದ್ದು ಯಾಕೆ ಎಂದು ಈಗ ನಿನಗೆ ತಿಳಿಯಿತಲ್ಲ. ಒಳಗೆ ಆಗಲೇ ಚುಳುಕ್ ಎಂದಿತ್ತು. ಗಟ್ಟಿಯಾಗಿ ಕೂಗಿದರೆ ನಿಜವಾಗುತ್ತದೆ ಎಂದುಕೊಂಡೆ.

ಇದನ್ನು ಚೂಟಿಗೆ ಹೇಳಿಲ್ಲ. ಹೇಳಲು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ "ಊಟ ಆಯ್ತಾ" ಎಂದು ಕೇಳಿ ಮುಚ್ಚಿದೆ. ನೀನು ಹೇಳು ಎಂದೂ ಬರೆಯಲಾರೆ, ಹೇಳಬೇಡ ಎಂದೂ ಬರೆಯಲಾರೆ.

ಆ ನರ್ಸಮ್ಮ, ಹೇಳಿ ಕಳಿಸಿದರೂ ಚೂಟಿ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ತಿಳಿದಿದ್ದಾಳೆ, ಮಾತು ಬಿಟ್ಟಿದ್ದಾಳೆ. ಇವಳು, ತನ್ನನ್ನು ಅಷ್ಟು ನಂಬಿ ಹೊಗಳಿದವಳಿಗೆ ಮುಖ ತೋರಿಸುವುದು ಹೇಗೆ ಎಂದು ನಾಚುತ್ತಾಳೆ. ಪಕ್ಕದ ಬಾಗಿಲು ತೆರೆದ ಸದ್ದಾದರೆ ತಟ್ಟೆ ಹಿಡಿದವಳು ಹಿಡಿದ ಹಾಗೇ ಕೋಣೆಯೊಳಗೆ ನಿಂತುಬಿಡುತ್ತಾಳೆ. "ಮಾವ, ಅಡಿಗೆಮನೇಲಿ ಅವಳಿದ್ದಾಳಾ ನೋಡಿ" ಎನ್ನುತ್ತಾಳೆ. ನಾನು ಎದ್ದು ಪಡಸಾಲೆಗೆ ಹೋಗಿ ಬಗ್ಗಿ ನೋಡಿ ಬಂದು ಹೇಳುತ್ತೇನೆ, ಇದ್ದಾಳೆ, ಇಲ್ಲ, ಈಗ ಹೋದಳು. ದಿನಕ್ಕೆ ನಾಲ್ಕೈದು ಸಲ. ನಾನು ಹೊರಡುವವರೆಗೆ ಇಲ್ಲಿ ನನಗಿರುವ ಕೆಲಸ ಅದೊಂದೇ.